ಹನ್ನೊಂದನೆಯ ಹೆಸರು

ಅಕ್ಟೋಬರ್ ಕೊನೆಗೆ ಕಲ್ಲು ತೊಳೆಯುವ ಪಾಳಿ ನನ್ನದು.
ಹಲ್ಲುಜ್ಜುವ ಹಳೇ ಬ್ರಷ್ಷು, ಒಂದು ಬಕೆಟ್ ನೀರು.
ಸೋಪು ಕೂಡದು, ಗ್ರಾನೈಟಿಗೆ ಒಗ್ಗುವುದಿಲ್ಲ
ಎಂದು ಕೌನ್ಸಿಲಿನವರ ಚೀಟಿ.
ಕಡಲಿನ ಕಡೆಯ ಮುಖಕ್ಕೆ ಉಪ್ಪು,
ಅಂಗಡಿ ಕಡೆಯ ಮುಖಕ್ಕೆ ಹಳದಿ ಕಲ್ಲುಹೂವು,
ನಡುವೆ ಹತ್ತೊಂಬತ್ತು ಹೆಸರು.

ಹಾರ್ವಿಕ್ ಅಂದರೆ ಒಂದು ದಕ್ಕೆ,
ಒಂದಕ್ಕೊಂದು ಮಾತಿಲ್ಲದ ಎರಡು ಚರ್ಚು.
ಶೆಟ್‌ಲ್ಯಾಂಡಿನ ಗಾಳಿ ಮರವನ್ನು ನಿಲ್ಲಗೊಡುವುದಿಲ್ಲ;
ಊರಲ್ಲಿ ನೆಟ್ಟಗೆ ನಿಂತದ್ದು
ಇದೊಂದೇ.

ಬೇರ್ನ್‌ಸನ್, ಕ್ಲೂನೆಸ್, ಒಂದೇ ಮನೆಯ ಮೂವರು ಹಾಲ್‌ಕ್ರೋಗಳು,
ಮೊದಲ ಹತ್ತು ಬೇಗ ಮುಗಿಯುತ್ತವೆ.
ಹನ್ನೊಂದಕ್ಕೆ ಬಂದಾಗ ಕೈ ತಾನಾಗಿ ನಿಧಾನ.
ಎಲ್. ಮೋವಟ್.
ಈತ ಸತ್ತದ್ದು ಅರವತ್ತಮೂರನೇ ಇಸವಿಯಲ್ಲಿ,
ಎಪ್ಪತ್ತೊಂದು ತುಂಬಿ, ಹಾಸಿಗೆಯಲ್ಲಿ,
ಚಹಾ ಆರಿಹೋಯಿತೆಂದು ಗೊಣಗುತ್ತ.

ತಂತಿ ಬಂದಿತ್ತಂತೆ. ತಾಯಿ ಅದನ್ನು ಬೈಬಲಿನಲ್ಲಿ,
ಯಾರೂ ಓದದ ಪುಟಗಳ ನಡುವೆ ಇಟ್ಟಳು.
ಮದುವೆ ಗೊತ್ತಾಗಿದ್ದ ಆಸ್ಲಾ
ಇದ್ದೊಂದು ಒಳ್ಳೆಯ ಉಡುಪನ್ನು ಕಪ್ಪಿನಲ್ಲಿ ಅದ್ದಿದಳು.
ಮೀನು ಮಾರಿದ ದುಡ್ಡಲ್ಲಿ ಊರು ಕಲ್ಲು ತರಿಸಿತು.
ಅಕ್ಷರಕ್ಕೆ ಏಳು ಪೆನ್ಸು;
ಲೌರಿ, ಗಿಡಿಯನ್, ತವಿಷ್, ಎಲ್ಲರೂ
ಒಂದೊಂದು ಅಕ್ಷರಕ್ಕೆ ಕುಗ್ಗಿದರು.

ಕಲ್ಲು ನಿಂತು ಏಳು ತಿಂಗಳಿಗೆ
ಸ್ಟೀಮರಿನಿಂದ ಇಳಿದ. ಹೆಗಲಿಗೆ ಚೀಲ, ಎಡಗಿವಿ ಇಲ್ಲ.
ಎಲ್ಲಿದ್ದೆ ಅಂದವರಿಗೆಲ್ಲ "ದೂರ" ಅಂದ.
ಸಾಯುವವರೆಗೂ ಅಷ್ಟೇ.
ದಕ್ಕೆಯಿಂದ ಮನೆಗೆ ದಾರಿ ಒಂದೇ, ಕಲ್ಲಿನ ಮುಂದೆ ಹಾದು.
ಟೋಪಿ ತೆಗೆದು ಮೇಲಿನಿಂದ ಕೆಳಗಿನವರೆಗೂ ಓದಿದನಂತೆ,
ತನ್ನದನ್ನೂ ಬಿಡದೆ.

ಸತ್ತ ಸುದ್ದಿ ಹಬ್ಬಿದವನಿಗೆ ಆಯಸ್ಸು ಹೆಚ್ಚು.
ಆದರೆ ಕಲ್ಲಿನ ಬರಹ
ಹಣೆಯ ಬರಹಕ್ಕಿಂತ ಗಟ್ಟಿ. ಅಳಿಸಬೇಕೇ ಎಂದು ಸಭೆ ಸೇರಿತು.
ಎರಡೂ ಚರ್ಚಿನವರು ಒಂದೇ ಬೆಂಚಿನಲ್ಲಿ ಕೂತರು.
ಕಲ್ಲುಕುಟಿಗ ಅಬರ್ಡೀನಿನಿಂದ ಬರೆದ:
ಕೊರೆದದ್ದು ಹೋಗಬೇಕಾದರೆ
ಸುತ್ತಲಿನದನ್ನೂ ಅಷ್ಟೇ ಆಳಕ್ಕೆ ಉಜ್ಜಬೇಕು,
ಆಗ ಉಳಿದ ಹದಿನೆಂಟಕ್ಕೆ ನಾನು ಜವಾಬ್ದಾರನಲ್ಲ.
ಲೌರಿಯೇ ಎದ್ದು, "ಇರಲಿ ಬಿಡಿ,
ದುಡ್ಡು ಕೊಟ್ಟಾಗಿದೆ" ಅಂದ.

ಆಸ್ಲಾ ಅದೇ ಕಪ್ಪು ಉಡುಪಿನಲ್ಲಿ ಅವನನ್ನು ಮದುವೆಯಾದಳು.
ಕಪ್ಪಿನ ಮೇಲೆ ಬೇರೆ ಬಣ್ಣ ಹತ್ತುವುದಿಲ್ಲ;
ಕೊರಳಿಗೊಂದು ಬಿಳಿ ಲೇಸು ಹೊಲಿದಳು.

ಹಾಲ್‌ಕ್ರೋ ಮನೆಯ ಮುದುಕಿ ಮಾತ್ರ
ಅವನನ್ನು ಕಂಡರೆ ರಸ್ತೆ ದಾಟುತ್ತಿದ್ದಳು.
ಹಗೆಯಿಂದಲ್ಲ.
ಅವನು ಇಳಿದ ದಿನದಿಂದ
ಬರುವ ಪ್ರತಿ ಸ್ಟೀಮರಿಗೂ ಅವಳು ಹೋಗಬೇಕಾಯಿತು,
ಮೂರು ಸಲ ಅತ್ತು ಮುಗಿಸಿದ್ದವಳು.

ಪ್ರತಿ ನವೆಂಬರಿನಲ್ಲಿ ಮೇಷ್ಟರು ಹೆಸರು ಓದುವಾಗ
ಲೌರಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ.
"ಎಲ್. ಮೋವಟ್" ಎಂದ ಕೂಡಲೇ
ಒಂದು ಕೆಮ್ಮು.
ಹಾಜರಿ ಅಲ್ಲ, ಕ್ಷಮಾಪಣೆಯೂ ಅಲ್ಲ,
ಗಂಟಲಲ್ಲಿ ಏನೋ ಇದ್ದಂತೆ, ಸಣ್ಣಗೆ.
ಮೇಷ್ಟರು ಅದಕ್ಕೆ ಜಾಗ ಬಿಡುತ್ತಿದ್ದರು.
ನಲವತ್ತಮೂರು ನವೆಂಬರು.

ಅವನು ಹೋದ ವರ್ಷವೂ ಮೇಷ್ಟರು ಜಾಗ ಬಿಟ್ಟರು.
ಮುಂದಿನವರೂ. ಅವರ ಮುಂದಿನವರೂ.
ಯಾಕೆಂದು ಯಾರೂ ಕೇಳಲಿಲ್ಲ;
ಹನ್ನೊಂದನೆಯ ಹೆಸರಾದ ಮೇಲೆ
ಒಂದು ಉಸಿರು ತಡೆಯುವುದು ಕ್ರಮ
ಎಂದು ಮಕ್ಕಳು ಕಲಿತರು.

ಈ ಸಲ ಓದಿದವರು ಹೊಸ ಪಾದ್ರಿ, ಗ್ಲಾಸ್ಗೋದವರು.
ಮಳೆ ಓರೆಯಾಗಿ ಹೊಡೆಯುತ್ತಿತ್ತು, ಹಾಳೆ ನೆನೆಯುತ್ತಿತ್ತು.
ಎಲ್. ಮೋವಟ್ ಎಂದರು,
ನಿಲ್ಲದೆ ಹನ್ನೆರಡಕ್ಕೆ ಬಾಯಿ ತೆರೆದರು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ಪಾದ್ರಿ ತಲೆಯೆತ್ತಿ ನೋಡಿದರು. ತಡೆದರು.

ಆ ಮನುಷ್ಯನನ್ನು ನಾನು ಕಂಡವಳಲ್ಲ,
ಆ ಕೆಮ್ಮು ಕೇಳಿದವಳೂ ಅಲ್ಲ.
ಪಕ್ಕದವಳು ಶೀತವೇ ಎಂದಳು.
ಹೌದು ಕಣೇ, ಅಂದೆ,
ಕಲ್ಲು ತೊಳೆದು ತೊಳೆದು.